ಕುರ್ಚಿ ಬಿಟ್ಟು ಏಳುವುದು ಹೇಗೆ?

ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಚಾಲಕರು ಕೊನೆಯವರೆಗೂ ಕುಳಿತೇ ಇರುತ್ತಾರೆ. ನಿರ್ವಾಹಕರು ಕುಂಬಳೆ, ಉಪ್ಪಳ, ಮಂಜೇಶ್ವರ ದಾಟುವವರೆಗೂ ಜನರ ನಡುವೆ ನುಸುಳಿ ಟಿಕೆಟ್ ಕೊಡುತ್ತಿರುತ್ತಾರೆ. ದಾರಿ ಒಂದೇ, ಧೂಳು ಒಂದೇ, ದೇಹಕ್ಕೆ ಸಿಗುವ ಚಲನೆ ಮಾತ್ರ ಬೇರೆ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಇಂಥದೇ ಜೋಡಿಯ ಬಗ್ಗೆ ಜೆರೆಮಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಅಧ್ಯಯನ ಪ್ರಕಟಿಸಿದರು. ಮೆಟ್ಟಿಲು ಹತ್ತಿ ಇಳಿಯುವ ನಿರ್ವಾಹಕರಿಗಿಂತ ಕುಳಿತಿರುವ ಚಾಲಕರಲ್ಲಿ ಹೃದಯದ ಕಾಯಿಲೆ ಹೆಚ್ಚು ಎಂದು ಅವರಿಗೆ ಕಂಡುಬಂತು. ಪಂಚಾಯತ್ ಕಚೇರಿಯ ಗುಮಾಸ್ತರು, ಸಹಕಾರಿ ಬ್ಯಾಂಕಿನ ಕ್ಯಾಷಿಯರ್, ಮನೆಯಲ್ಲಿ ಕುಳಿತು ಬೆಂಗಳೂರಿನ ಕಂಪನಿಗೆ ದುಡಿಯುವ ಹುಡುಗರು, ಮಡಿಲಲ್ಲಿ ಮೊರವಿಟ್ಟು ಬೀಡಿ ಕಟ್ಟುವ ಅಕ್ಕಂದಿರು, ನಾವೆಲ್ಲ ಚಾಲಕರ ಸಾಲಿನವರು.

ಮೊದಲು ಅಳತೆ ತೆಗೆಯಿರಿ. ಹೊಲಿಗೆಯ ಟೇಪನ್ನು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಸುತ್ತಿ, ಉಸಿರು ಬಿಟ್ಟ ಮೇಲೆ ನೋಡಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು. ಹತ್ತಿರದ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತದೊತ್ತಡ ಮತ್ತು ಬರಿ ಹೊಟ್ಟೆಯ ಸಕ್ಕರೆ ಪರೀಕ್ಷಿಸಿಕೊಳ್ಳಿ. ಓಡುತ್ತ ಬಂದವರು ಐದು ನಿಮಿಷ ಸುಮ್ಮನೆ ಕುಳಿತ ಮೇಲೆಯೇ ತೋಳು ಒಡ್ಡಬೇಕು. ರಕ್ತದೊತ್ತಡ ಮತ್ತೆ ಮತ್ತೆ 140/90 ಅಥವಾ ಹೆಚ್ಚು ಬಂದರೆ, ಸಕ್ಕರೆ 100 ದಾಟಿದರೆ ವೈದ್ಯರೊಡನೆ ಮಾತನಾಡಿ. ಸಕ್ಕರೆ 126 ಮುಟ್ಟಿದ್ದರೆ ಅದು ಮಧುಮೇಹದ ಗಡಿ. ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳುತ್ತಾರೆ. ಈ ಎರಡು ಕಾಯಿಲೆಗಳೂ ವರ್ಷಗಟ್ಟಲೆ ನೋವಿಲ್ಲದೆ ಬೆಳೆಯುತ್ತವೆ. ಆರಾಮವಾಗಿದ್ದೇನೆ ಎಂಬ ಅನಿಸಿಕೆಯನ್ನು ನಂಬಿ ಪರೀಕ್ಷೆ ಮುಂದೂಡಬೇಡಿ.

ಎರಡನೆಯದು ಏಳುವುದು. ನನ್ನ ದೃಷ್ಟಿಯಲ್ಲಿ ಇಡೀ ಲೇಖನದ ತಿರುಳು ಇದು. ಬೆಳಿಗ್ಗೆ ಒಂದು ಗಂಟೆ ನಡೆದು ಬಂದು ಆಮೇಲೆ ಎಂಟು ಗಂಟೆ ಅಲುಗಾಡದೆ ಕುಳಿತರೆ ಬೆಳಗಿನ ಶ್ರಮದ ಲಾಭ ಸ್ವಲ್ಪ ಸೋರಿಹೋಗುತ್ತದೆ. ಮೀನಖಂಡದ ಸ್ನಾಯು ಕುಗ್ಗಿ ಹಿಗ್ಗುವಾಗಲೇ ಕಾಲಿನ ರಕ್ತ ಮೇಲಕ್ಕೆ, ಹೃದಯದ ಕಡೆಗೆ ತಳ್ಳಲ್ಪಡುತ್ತದೆ. ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನೂ ಎಳೆದುಕೊಳ್ಳುತ್ತದೆ. ಆದ್ದರಿಂದ ಅರ್ಧ ಗಂಟೆಗೊಮ್ಮೆ ಎರಡು ನಿಮಿಷ ಎದ್ದು ನಿಲ್ಲಿ. ಗಂಟೆ ಬಾರಿಸುವ ಮೊಬೈಲಿಗಿಂತ ಕೆಲಸಕ್ಕೇ ಗಂಟು ಹಾಕಿದ ನೆಪ ಹೆಚ್ಚು ಕಾಲ ಉಳಿಯುತ್ತದೆ. ನಾನು ಮಾಡುವುದು ಹೀಗೆ: ನೀರಿನ ಬಾಟಲಿ ಮೇಜಿನ ಮೇಲಿಲ್ಲ, ವರಾಂಡದ ತುದಿಯಲ್ಲಿದೆ. ಫೋನ್ ಬಂದರೆ ಎದ್ದೇ ಮಾತನಾಡುತ್ತೇನೆ. ಪಕ್ಕದ ವಿಭಾಗಕ್ಕೆ ಕಡತ ಕಳುಹಿಸಬೇಕಾದರೆ ನಾನೇ ಒಯ್ಯುತ್ತೇನೆ. ಕೌಂಟರಿನ ಮುಂದೆ ಜನರ ಸಾಲಿದ್ದು ಏಳಲಾಗದ ದಿನ ಹಿಮ್ಮಡಿಗಳನ್ನು ನೆಲದಿಂದ ಮೇಲೆತ್ತಿ ಇಳಿಸುತ್ತ ಇಪ್ಪತ್ತು ಎಣಿಸುತ್ತೇನೆ. ಯಾರಿಗೂ ಕಾಣುವುದಿಲ್ಲ.

ಕುಳಿತುಕೊಳ್ಳುವ ಭಂಗಿಗೆ ಹೆಚ್ಚು ಖರ್ಚಿಲ್ಲ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಕೆಳಗೆ ಹಳೆಯ ದಪ್ಪ ಪುಸ್ತಕಗಳನ್ನಿಡಿ. ಪಾದ ನೆಲ ಮುಟ್ಟದಿದ್ದರೆ ಮಣೆ ಇಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ತೆಂಗಿನ ಗರಿಯನ್ನೋ ಮಾಡನ್ನೋ ಇಪ್ಪತ್ತು ಸೆಕೆಂಡು ನೋಡಿ.

ಇನ್ನು ಊಟ. ನಮ್ಮ ನೆಲದ ಅಡುಗೆಯಲ್ಲಿ ಬೇಕಾದದ್ದೆಲ್ಲ ಇದೆ, ಕೆಟ್ಟಿರುವುದು ಅಳತೆ. ಗದ್ದೆ ಉಳುವವರ ಬಟ್ಟಲನ್ನು ನಾವು ಕುರ್ಚಿಗೆ ತಂದಿದ್ದೇವೆ. ಕುಚ್ಚಲಕ್ಕಿ ಅನ್ನವನ್ನು ಕಾಲುಭಾಗಕ್ಕೆ ಇಳಿಸಿ, ಅರ್ಧ ಬಟ್ಟಲು ಹರಿವೆ, ಬಸಳೆ, ತೊಂಡೆಕಾಯಿ, ಅಲಸಂಡೆ ಪಲ್ಯಕ್ಕೆ ಬಿಡಿ, ಉಳಿದ ಕಾಲುಭಾಗ ಹೆಸರುಕಾಳಿಗೋ ಮೀನಿಗೋ ಇರಲಿ. ಬೂತಾಯಿ, ಬಂಗುಡೆ ಅಗ್ಗದ ಮೀನೆಂದು ತಾತ್ಸಾರ ಬೇಡ, ಹೃದಯಕ್ಕೆ ಒಳ್ಳೆಯ ಒಮೇಗಾ-3 ಕೊಬ್ಬು ಅವುಗಳಲ್ಲಿ ಧಾರಾಳ. ಕಾವಲಿಯ ಎಣ್ಣೆಯಲ್ಲಿ ಮುಳುಗಿಸುವುದಕ್ಕಿಂತ ಸಾರು ಮಾಡುವುದು ಲೇಸು. ಉಪ್ಪು ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಸುಮಾರು ಒಂದು ಚಹಾ ಚಮಚ. ಉಪ್ಪಿನಕಾಯಿ, ಹಪ್ಪಳ, ಒಣಮೀನು ಸೇರಿದ ದಿನ ಅದು ಯಾವಾಗ ದಾಟಿತೆಂದೇ ತಿಳಿಯುವುದಿಲ್ಲ. ಸಂಜೆ ನಾಲ್ಕರ ಚಹಾದ ಜೊತೆ ಬರುವ ಗೋಳಿಬಜೆ, ಬಾಳೆಹಣ್ಣಿನ ಪೋಡಿಯನ್ನು ವಾರಕ್ಕೊಮ್ಮೆಗೆ ಇಡಿ. ಉಳಿದ ದಿನ ಬೇಯಿಸಿದ ಕಡಲೆ, ಮಜ್ಜಿಗೆ ಸಾಕು. ಮಧ್ಯಾಹ್ನದ ಊಟವಾದ ಕೂಡಲೇ ಹತ್ತು ನಿಮಿಷ ಮೆಲ್ಲಗೆ ನಡೆಯಿರಿ. ಏರುವ ಸಕ್ಕರೆಯನ್ನು ಇಳಿಸಲು ಇಷ್ಟು ಸುಲಭದ ಉಪಾಯ ನನಗೆ ಬೇರೆ ಗೊತ್ತಿಲ್ಲ.

ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಿನ ನಡಿಗೆ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕೆಲಸ ಬೇಕು. ರೈಲಿನಿಂದ ಇಳಿದು ರಿಕ್ಷಾ ಹಿಡಿಯದೆ ಕಚೇರಿಗೆ ನಡೆದರೆ ಮೊದಲಿನದು ಬಹುಪಾಲು ಮುಗಿಯಿತು. ಶನಿವಾರ, ಭಾನುವಾರ ಅಡಕೆ ತೋಟದಲ್ಲಿ ಗೊಬ್ಬರ ಹೊತ್ತರೆ, ಬುಡ ಬಿಡಿಸಿದರೆ ಎರಡನೆಯದೂ ಆಯಿತು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಬಿಡದಿದ್ದಾಗ ಜಗಲಿಯಲ್ಲೇ ಅತ್ತಿತ್ತ ನಡೆಯಿರಿ, ಕುರ್ಚಿಯಿಂದ ಹತ್ತು ಸಲ ಕೈ ಊರದೆ ಎದ್ದು ಕುಳಿತುಕೊಳ್ಳಿ.

ಒತ್ತಡದ ಮಾತನ್ನು ಕೊನೆಗೆ ತರುತ್ತಿದ್ದೇನೆ, ಆದರೆ ಅದು ಹಗುರವಲ್ಲ. ಗಡಿನಾಡಿನ ನಮಗೆ ಕೆಲಸದ ಭಾರದ ಮೇಲೆ ಇನ್ನೊಂದು ಭಾರವಿದೆ. ಕನ್ನಡ ಶಾಲೆಯಲ್ಲಿ ಓದಿ ಬಂದವರು ಮಲಯಾಳದ ಸುತ್ತೋಲೆಯನ್ನು ಎರಡೆರಡು ಸಲ ಓದಬೇಕು, ಎದುರಿಗೆ ನಿಂತ ಅಜ್ಜನಿಗೆ ಅದನ್ನು ಕನ್ನಡದಲ್ಲೋ ತುಳುವಿನಲ್ಲೋ ಬಿಡಿಸಿ ಹೇಳಬೇಕು, ತಪ್ಪಾದರೆ ಎಂಬ ಭಯವನ್ನು ಮನೆಗೂ ಒಯ್ಯಬೇಕು. ಈ ದಣಿವು ಸೋಮಾರಿತನವಲ್ಲ. ತಿಳಿಯದ ಪದಗಳನ್ನು ಒಂದು ಪುಸ್ತಕದಲ್ಲಿ ಅರ್ಥದೊಂದಿಗೆ ಬರೆದಿಡಿ. ನನಗೆ ಅರ್ಧ ಭಯ ಇಳಿದದ್ದು ಹಾಗೆ. ಎದೆ ಡವಗುಟ್ಟುವಾಗ ನಾಲ್ಕು ಎಣಿಸುತ್ತ ಉಸಿರು ತೆಗೆದುಕೊಂಡು ಆರು ಎಣಿಸುತ್ತ ಬಿಡಿ, ಐದು ನಿಮಿಷ. ರಾತ್ರಿ ಏಳು ಗಂಟೆಗಳಷ್ಟು ನಿದ್ದೆಯನ್ನು ಕಳೆದುಕೊಳ್ಳಬೇಡಿ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡ ಅನ್ನಿಸಿದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೂ ಮಾತನಾಡಬಹುದು.

ಎದೆ ಬಿಗಿದು ನೋವು ದವಡೆಗೋ ಎಡತೋಳಿಗೋ ಹರಡಿದರೆ, ತಣ್ಣನೆ ಬೆವರು ಬಂದರೆ, ಒಂದೇ ಕಾಲು ಊದಿ ಮೀನಖಂಡ ನೋಯತೊಡಗಿದರೆ ಮೇಲಿನ ಯಾವ ಹೆಜ್ಜೆಗೂ ಕಾಯಬೇಡಿ. ಗ್ಯಾಸ್ ಇರಬಹುದು ಎಂದು ಜೀರಿಗೆ ನೀರು ಕುಡಿದು ಮಲಗದೆ ಆಗಲೇ ಆಸ್ಪತ್ರೆಗೆ ಹೊರಡಿ, ವಾಹನವನ್ನು ಬೇರೆಯವರು ಓಡಿಸಲಿ.