ಖಣ ಉದ್ರಿ ಕೊಡುವ ಮುನ್ನ

ಗುಳೇದಗುಡ್ಡದಲ್ಲಿ ನಾಲ್ಕು ಮಗ್ಗ ನಡೆಸಿ ಖಣ, ಅಂದರೆ ರವಿಕೆ ಬಟ್ಟೆ, ನೇಯಿಸುವ ನಾನು ಉದ್ರಿ ಕೊಡುವ ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಈ ಹಣ ಬರುವವರೆಗೆ ನೂಲು ತರಲು ಕೈಯಲ್ಲಿ ದುಡ್ಡಿದೆಯೇ? ಇಲ್ಲವಾದರೆ, ಎಷ್ಟೇ ದೊಡ್ಡ ಆರ್ಡರ್ ಇರಲಿ, ಅರ್ಧ ಮುಂಗಡ ಪಡೆಯಿರಿ.

ಸಣ್ಣ ಉದ್ಯಮಗಳಿಗಾಗಿ ಸರ್ಕಾರ ನಡೆಸುವ ಉದ್ಯಮ್ ನೋಂದಣಿ ಮಾಡಿಸಿ; ಆನ್‌ಲೈನ್‌ನಲ್ಲಿ ಅದು ಉಚಿತ. ಆ ಸಂಖ್ಯೆಯನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸಿ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆಯಂತೆ, ಲಿಖಿತ ಒಪ್ಪಂದವಿದ್ದರೂ ಕೊಂಡವರು ಹಣ ಕೊಡುವ ಗಡುವು ಸರಕು ಒಪ್ಪಿಕೊಂಡ ದಿನದಿಂದ 45 ದಿನ ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ತಪ್ಪಿದರೆ ಅವರು ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು.

ದೀಪಾವಳಿಗೆ ಒಯ್ದ 60 ಖಣಗಳ ದುಡ್ಡನ್ನು ಒಬ್ಬ ವ್ಯಾಪಾರಿ ಯುಗಾದಿಯವರೆಗೆ ಎಳೆದ. ಮಾಲು ಮುಟ್ಟಿದ್ದಕ್ಕೆ ನನ್ನ ಬಳಿ ಸಹಿಯೇ ಇರಲಿಲ್ಲ. ಎಷ್ಟು ಸಂಕಟಪಟ್ಟೆನೋ! ಈಗ ಎದುರಿಗೇ ಎಣಿಸಿ, ದಿನಾಂಕ ಬರೆಯಿಸಿ, ಸಹಿ ಪಡೆದ ಮೇಲೆಯೇ ಗಂಟು ಕೈಬಿಡುತ್ತೇನೆ.