ಲೆಕ್ಕ ಡೇಟಾಬೇಸ್‌ನಲ್ಲೇ ಆಗಲಿ: ಆರ್‌ನಿಂದ ಫಂಕ್ಷನ್ ಕಳಿಸುವುದು ಹೇಗೆ?

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಇಡೀ ರಾಜ್ಯದ 2 ಕೋಟಿ ಬಿಲ್ಲುಗಳಿವೆ ಅಂದುಕೊಳ್ಳಿ. ನಿಮಗೆ ಬೇಕಿರುವುದು ಪ್ರತಿ ಜಿಲ್ಲೆಯ ಸರಾಸರಿ, ಅಂದರೆ 31 ಸಾಲು. ಅಷ್ಟಕ್ಕೆ 2 ಕೋಟಿ ಸಾಲನ್ನೂ ಲ್ಯಾಪ್‌ಟಾಪಿಗೆ ಎಳೆದು ತರಬೇಕಾ? ಬೇಡ. ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ ಆರ್ ಭಾಷೆಯ ಡಿಬಿಪ್ಲೈಯರ್ ಪ್ಯಾಕೇಜ್ ನಿಮ್ಮ ಕೋಡನ್ನು ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್‌ಗೆ ಬದಲಾಯಿಸಿ ಡೇಟಾಬೇಸಿಗೇ ಕಳಿಸುತ್ತದೆ.

ಮೊದಲು ಡಿಬಿಐ, ಆರ್‌ಪೋಸ್ಟ್‌ಗ್ರೆಸ್, ಡಿಪ್ಲೈಯರ್, ಡಿಬಿಪ್ಲೈಯರ್ ಪ್ಯಾಕೇಜ್‌ಗಳನ್ನು ಇನ್‌ಸ್ಟಾಲ್ ಮಾಡಿ ಕನೆಕ್ಷನ್ ತೆರೆಯಿರಿ. ಓದಲು ಮಾತ್ರ ಅನುಮತಿ ಇರುವ ಯೂಸರ್ ಸಾಕು.

ಆಮೇಲೆ 'ಟಿಬಿಎಲ್' ಫಂಕ್ಷನ್‌ನಿಂದ ಬಿಲ್ಲಿನ ಟೇಬಲನ್ನು ತೋರಿಸಿ. ಎಂದಿನಂತೆ 'ಫಿಲ್ಟರ್' (ಬೇಕಾದ ಸಾಲು ಆರಿಸಲು), 'ಗ್ರೂಪ್_ಬೈ' (ಗುಂಪು ಮಾಡಲು), 'ಸಮ್ಮರೈಸ್' (ಗುಂಪಿಗೊಂದು ಲೆಕ್ಕ ತೆಗೆಯಲು) ಬರೆಯಿರಿ. ಇಷ್ಟಾದರೂ ಲೆಕ್ಕ ಶುರುವಾಗಿರುವುದಿಲ್ಲ, ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ ಮಾತ್ರ ತಯಾರಾಗುತ್ತಿರುತ್ತದೆ.

ಈಗ 'ಶೋ_ಕ್ವೆರಿ' ಓಡಿಸಿ, ಬಂದ ಎಸ್‌ಕ್ಯೂಎಲ್ ಓದಿ. ಇದನ್ನು ಯಾವತ್ತೂ ಬಿಡಬೇಡಿ. 'ಮೀನ್' (ಸರಾಸರಿ) ಎಂದು ಬರೆದದ್ದು 'ಎವಿಜಿ' ಆಗಿರುತ್ತದೆ. 'ಮೀಡಿಯನ್' (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಮೌಲ್ಯ) ಎಂದದ್ದು 'ಪರ್ಸೆಂಟೈಲ್_ಕಾಂಟ್' ಆಗಿರುತ್ತದೆ. ಡಿಬಿಪ್ಲೈಯರ್‌ಗೆ ಗೊತ್ತಿಲ್ಲದ ಫಂಕ್ಷನ್ ಇದ್ದರೆ ಹಾಗೇ ದಾಟಿಸಿಬಿಡುತ್ತದೆ. ಇದರಿಂದ ಒಳ್ಳೆಯದೂ ಇದೆ: ಪೋಸ್ಟ್‌ಗ್ರೆಸ್‌ನ 'ಡೇಟ್_ಟ್ರಂಕ್' ಅನ್ನು ಆರ್ ಕೋಡಿನೊಳಗೇ ಬರೆದು ತಿಂಗಳುವಾರು ಲೆಕ್ಕ ತೆಗೆಯಬಹುದು. ಆದರೆ ನೀವೇ ಆರ್‌ನಲ್ಲಿ ಬರೆದ ಫಂಕ್ಷನ್ ಹೀಗೆ ದಾಟಿದರೆ, ಅಂಥದ್ದು ಇಲ್ಲಿಲ್ಲ ಎಂದು ಡೇಟಾಬೇಸ್ ಎರರ್ ಕೊಡುತ್ತದೆ.

ಎರರ್ ಬಂದರೆ ಗೊತ್ತಾದರೂ ಆಗುತ್ತದೆ. ಸದ್ದಿಲ್ಲದೆ ಉತ್ತರ ಬದಲಾಗುವುದೇ ಜಾಸ್ತಿ ಅಪಾಯ. ಆರ್‌ನಲ್ಲಿ 7 ಅನ್ನು 2ರಿಂದ ಭಾಗಿಸಿದರೆ 3.5. ಪೋಸ್ಟ್‌ಗ್ರೆಸ್‌ನಲ್ಲಿ ಎರಡೂ ಕಾಲಂ ಇಂಟಿಜರ್ (ಪೂರ್ಣಾಂಕ) ಆಗಿದ್ದರೆ ಬರುವುದು 3! ಭಾಗಿಸುವ ಮೊದಲು ಒಂದು ಕಾಲಮ್ಮಿಗೆ 'ಆ್ಯಸ್.ನ್ಯೂಮರಿಕ್' ಹಾಕಿ. ಖಾಲಿ ಬಿಟ್ಟ ಮೌಲ್ಯಗಳದ್ದೂ ಇದೇ ಕಥೆ. ಒಂದೇ ಒಂದು ಖಾಲಿ ಇದ್ದರೂ ಆರ್‌ನ 'ಮೀನ್' ಉತ್ತರವಾಗಿ 'ಎನ್‌ಎ' (ಮೌಲ್ಯ ಇಲ್ಲ) ಅನ್ನುತ್ತದೆ, ಎಸ್‌ಕ್ಯೂಎಲ್ ಅದನ್ನು ಬಿಟ್ಟು ಸರಾಸರಿ ತೆಗೆಯುತ್ತದೆ. ಹಾಗಾಗಿ ಎಷ್ಟು ಖಾಲಿ ಇವೆ ಎಂಬುದನ್ನೂ ಅದೇ ಕ್ವೆರಿಯಲ್ಲಿ ಎಣಿಸಿಕೊಳ್ಳಿ.

ಎಲ್ಲ ಸರಿಯಿದ್ದರೆ ಕೊನೆಯಲ್ಲಿ 'ಕಲೆಕ್ಟ್'. ಆ 31 ಸಾಲು ಮಾತ್ರ ನಿಮ್ಮ ಕಡೆ ಬರುತ್ತವೆ. ಗ್ರಾಫ್, ಮಾಡೆಲ್ ಎಲ್ಲ ಇದರ ನಂತರ. ಮಧ್ಯದ ಫಲಿತಾಂಶವೊಂದು ಪದೇ ಪದೇ ಬೇಕಾದರೆ 'ಕಂಪ್ಯೂಟ್' ಬಳಸಿ. ಅದು ಡೇಟಾಬೇಸ್‌ನಲ್ಲೇ ತಾತ್ಕಾಲಿಕ ಟೇಬಲ್ ಮಾಡಿಡುತ್ತದೆ, ಕನೆಕ್ಷನ್ ಮುಚ್ಚಿದಾಗ ತಾನೇ ಹೋಗುತ್ತದೆ.

ಆರ್ ಬದಲು ಎಸ್‌ಎಎಸ್ ಎಂಬ ಅಂಕಿಅಂಶ ಸಾಫ್ಟ್‌ವೇರ್ ಬಳಸುವವರು ಇನ್ನೂ ಹುಷಾರಾಗಿರಬೇಕು. ಅಲ್ಲಿ ಎಸ್‌ಕ್ಯೂಎಲ್ ಓಡಿಸುವ 'ಪ್ರೊಕ್ ಎಸ್‌ಕ್ಯೂಎಲ್' ಯಾವುದಾದರೂ ಫಂಕ್ಷನನ್ನು ಡೇಟಾಬೇಸಿಗೆ ಕಳಿಸಲಾಗದಿದ್ದರೆ ಎರರ್ ಕೊಡದೆ, ಸಾಲುಗಳನ್ನೇ ಎಳೆದು ತಂದು ತಾನೇ ಲೆಕ್ಕ ಮಾಡಬಹುದು. ಉತ್ತರ ಸರಿಯಾಗೇ ಬರುತ್ತದೆ, ಗಂಟೆಗಟ್ಟಲೆ ಕಾಯಬೇಕಾಗಬಹುದು. 'ಎಸ್‌ಎಎಸ್‌ಟ್ರೇಸ್' ಆಪ್ಷನ್ ಹಾಕಿದರೆ ಏನೇನು ದಾಟಿತು ಎಂಬುದು ಲಾಗ್‌ನಲ್ಲಿ ಕಾಣುತ್ತದೆ.