15 ಪಿನ್ನಿನ ಹಳೆಯ ಜಾಯ್‌ಸ್ಟಿಕ್‌ಗೆ ಯುಎಸ್‌ಬಿ ಕೊಟ್ಟ ಕಥೆ

ನನ್ನ ಹಳೆಯ ಜಾಯ್‌ಸ್ಟಿಕ್ ಎಷ್ಟೋ ವರ್ಷ ಬೀರುವಿನ ಕೆಳಗಿನ ಖಾನೆಯಲ್ಲೇ ಇತ್ತು. ಹಿಡಿ ಗಟ್ಟಿಯಾಗಿತ್ತು, ಸ್ಪ್ರಿಂಗ್ ಸಡಿಲವಾಗಿರಲಿಲ್ಲ, ಟ್ರಿಗರ್ ಒತ್ತಿದರೆ ಈಗಲೂ ಅದೇ 'ಟಿಕ್' ಸದ್ದು. ಆದರೆ ವೈರಿನ ತುದಿಯಲ್ಲಿ ಎರಡು ಸಾಲಿನ 15 ಪಿನ್ನಿನ ಪ್ಲಗ್. ಅದನ್ನು ಚುಚ್ಚೋಕೆ ಈಗಿನ ಕಂಪ್ಯೂಟರಿನಲ್ಲಿ ಜಾಗವೇ ಇಲ್ಲ. ವಿಮಾನ ಹಾರಿಸುವ ಆಟವನ್ನು ಕೀಬೋರ್ಡಿನಲ್ಲಿ ಆಡಿ ಆಡಿ ಸಾಕಾಗಿತ್ತು. ಒಂದು ಭಾನುವಾರ ಇದನ್ನು ಹೊರಗೆ ತೆಗೆದೆ.

ಆ ಪ್ಲಗ್ ಹೋಗುತ್ತಿದ್ದ ಜಾಗಕ್ಕೆ ಗೇಮ್‌ಪೋರ್ಟ್ ಅಂತ ಹೆಸರು. 1981ರ ಐಬಿಎಂ ಪಿಸಿ ಜೊತೆ ಬಂದದ್ದು, ಆಮೇಲೆ ಸೌಂಡ್ ಕಾರ್ಡಿನ ಹಿಂಭಾಗದಲ್ಲಿ ಬಹಳ ಕಾಲ ಇತ್ತು. ವಿಂಡೋಸ್ ವಿಸ್ಟಾದಿಂದ ಈಚೆಗೆ ವಿಂಡೋಸ್ ಅದನ್ನು ಕೈಬಿಟ್ಟಿತು. ಹಾಗಾಗಿ ಹಳೆಯ ಕಾರ್ಡ್ ಹುಡುಕಿ ತಂದರೂ ಹೊಸ ವಿಂಡೋಸಿನಲ್ಲಿ ಪ್ರಯೋಜನವಿಲ್ಲ.

ಕೆಲಸ ಶುರು ಮಾಡುವ ಮೊದಲು ಒಂದು ವಿಷಯ ಅರ್ಥವಾಗಬೇಕು. ಈ ಜಾಯ್‌ಸ್ಟಿಕ್ ಒಳಗೆ ಬುದ್ಧಿ ಅನ್ನುವುದು ಏನೂ ಇಲ್ಲ. ಹಿಡಿ ಎಡ–ಬಲ ಹೋದಾಗ ಒಂದು ಪೊಟೆನ್ಶಿಯೋಮೀಟರ್ ತಿರುಗುತ್ತದೆ, ಹಿಂದೆ–ಮುಂದೆ ಹೋದಾಗ ಇನ್ನೊಂದು. ಇಂಥ ಒಂದೊಂದು ಚಲನೆಗೂ ಅಕ್ಷ ಅಂತ ಹೆಸರು. ರೇಡಿಯೋದ ವಾಲ್ಯೂಮ್ ತಿರುಗಣೆಯ ಥರದ್ದೇ. ತಿರುಗಿದ ಹಾಗೆ ಬದಲಾಗುವ ಅದರ ಪ್ರತಿರೋಧದ ಮೂಲಕ ಕಾರ್ಡಿನಲ್ಲಿದ್ದ ಕೆಪಾಸಿಟರ್ (ವಿದ್ಯುತ್ ತುಂಬಿಟ್ಟುಕೊಳ್ಳುವ ಪುಟ್ಟ ಭಾಗ) ಚಾರ್ಜ್ ಆಗುತ್ತಿತ್ತು. ಅದಕ್ಕೆ ಎಷ್ಟು ಹೊತ್ತು ಹಿಡಿಯಿತು ಅನ್ನುವುದನ್ನು ಎಣಿಸಿ ಕಂಪ್ಯೂಟರ್ ಹಿಡಿಯ ಜಾಗ ಲೆಕ್ಕ ಹಾಕುತ್ತಿತ್ತು. ಯುಎಸ್‌ಬಿ ಹಾಗಲ್ಲ. ಅದು ಚುಚ್ಚಿದ ಕೂಡಲೇ 'ನೀನು ಯಾರು?' ಅಂತ ಕೇಳುತ್ತದೆ. ಉತ್ತರ ಹೇಳೋಕೆ ಈ ಜಾಯ್‌ಸ್ಟಿಕ್‌ನಲ್ಲಿ ಯಾರೂ ಇಲ್ಲ. ಸುಮ್ನೆ ವೈರ್ ಬದಲಿಸಿದರೆ ಆಗೋದಿಲ್ಲ ಅನ್ನುವುದು ಇದಕ್ಕೇ.

ಮೊದಲು ಸುಲಭದ ದಾರಿ ಹಿಡಿದೆ. ಗೇಮ್‌ಪೋರ್ಟ್‌ನಿಂದ ಯುಎಸ್‌ಬಿಗೆ ಹೋಗುವ ರೆಡಿಮೇಡ್ ಅಡಾಪ್ಟರ್ ತರಿಸಿದೆ. ವಿಂಡೋಸ್ ಅದನ್ನು ಗುರುತಿಸಿತು, ಗುಂಡಿಗಳೂ ಕೆಲಸ ಮಾಡಿದವು. ಆದರೆ ಹಿಡಿ ಬಿಟ್ಟರೂ ವಿಮಾನ ನಿಧಾನವಾಗಿ ಒಂದು ಕಡೆಗೆ ವಾಲುತ್ತಿತ್ತು. ಹೆಬ್ಬೆರಳಿಗೆ ಸಿಗುವ, ನಾಲ್ಕು ದಿಕ್ಕಿಗೂ ಒತ್ತಬಹುದಾದ ಹ್ಯಾಟ್ ಸ್ವಿಚ್ ಒತ್ತಿದರೆ ಆಟದ ನೋಟ ತಿರುಗುವ ಬದಲು ವಿಂಡೋಸಿನ ಪರೀಕ್ಷೆಯ ಕಿಟಕಿಯಲ್ಲಿ ನಾಲ್ಕನೇ ಅಕ್ಷದ ಗೀಟು ಮೇಲೆ ಕೆಳಗೆ ಹಾರುತ್ತಿತ್ತು. ನಿಮ್ಮದು ಎರಡು ಅಕ್ಷ, ಎರಡು ಗುಂಡಿಯ ಸಾದಾ ಜಾಯ್‌ಸ್ಟಿಕ್ ಆದರೆ ಅಡಾಪ್ಟರೇ ಸಾಕು, ಮುಂದಿನ ತಾಪತ್ರಯ ಬೇಡ. ಡಿಜಿಟಲ್ ಭಾಷೆ ಮಾತಾಡುತ್ತಿದ್ದ ಗೇಮ್‌ಪೋರ್ಟ್ ಜಾಯ್‌ಸ್ಟಿಕ್ ಆದರೆ ಇಂಥ ಸಾದಾ ಅಡಾಪ್ಟರಿಗೆ ದುಡ್ಡು ಹಾಕಬೇಡಿ. ಅದಕ್ಕೆ ಆ ಭಾಷೆ ಬರುವುದಿಲ್ಲ.

ಹ್ಯಾಟ್ ಇಲ್ಲದೆ ನನಗೆ ಸಮಾಧಾನವಾಗಲಿಲ್ಲ. ಎಟಿಮೆಗಾ32ಯು4 ಚಿಪ್ ಇರುವ, ನಾವೇ ಪ್ರೋಗ್ರಾಮ್ ಬರೆದು ಓಡಿಸಬಹುದಾದ ಒಂದು ಪುಟ್ಟ ಆರ್ಡುಯಿನೋ ಬೋರ್ಡ್ ತಂದೆ. ಇಂಥ ಚಿಪ್ಪೇ ಆಗಬೇಕು, ಯಾಕಂದ್ರೆ ಯುಎಸ್‌ಬಿ ಇದರ ಒಳಗೇ ಇದೆ. ಹಾಗಾಗಿ ಕಂಪ್ಯೂಟರಿಗೆ 'ನಾನು ಜಾಯ್‌ಸ್ಟಿಕ್' ಅಂತ ತಾನೇ ಹೇಳಿಕೊಳ್ಳಬಲ್ಲದು. ಹಳೆಯ ಆರ್ಡುಯಿನೋ ಊನೋ ಬೋರ್ಡುಗಳ (ಆರ್3 ವರೆಗಿನವು) ಮುಖ್ಯ ಚಿಪ್‌ಗೆ ಆ ಸೌಲಭ್ಯವಿಲ್ಲ.

ಮಲ್ಟಿಮೀಟರ್ ಹಿಡಿದು ಪ್ಲಗ್ಗಿನಿಂದಲೇ ಶುರು ಮಾಡಿದೆ. 1ನೇ ಪಿನ್ 5 ವೋಲ್ಟ್, 3 ಎಡ–ಬಲ, 6 ಹಿಂದೆ–ಮುಂದೆ, 4 ಗ್ರೌಂಡ್ (0 ವೋಲ್ಟ್). ಗುಂಡಿಗಳು 2, 7, 10, 14. ಒಳಗಿನ ವೈರುಗಳ ಬಣ್ಣವನ್ನು ನಂಬಬೇಡಿ, ಒಂದೊಂದನ್ನೂ ಅಳೆದೇ ನೋಡಿ. 1 ಮತ್ತು 3ರ ನಡುವೆ ಅಳೆದಾಗ ಹಿಡಿ ಒಂದು ತುದಿಯಲ್ಲಿ 20 ಕಿಲೋಓಮ್, ಇನ್ನೊಂದು ತುದಿಯಲ್ಲಿ 80, ಬಿಟ್ಟಾಗ 48ರ ಆಸುಪಾಸು. ಒಂದು ಜಾಗದಲ್ಲಿ ಮಾತ್ರ ಅಂಕಿ ಕುಣಿಯುತ್ತಿತ್ತು. ಅಲ್ಲಿ ಧೂಳು ಅಂತ ಗೊತ್ತಾಯಿತು. ತಳದ ನಾಲ್ಕು ಸ್ಕ್ರೂ ಬಿಚ್ಚಿ, ಪೊಟೆನ್ಶಿಯೋಮೀಟರಿನ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಎರಡು ಸಲ ಚಿಮುಕಿಸಿ, ಹಿಡಿಯನ್ನು ಮೂವತ್ತು ಸಲ ಆ ತುದಿಯಿಂದ ಈ ತುದಿಗೆ ಆಡಿಸಿದೆ. ಕುಣಿತ ನಿಂತಿತು.

ತೆರೆದಾಗ ಕಂಡದ್ದು ಇನ್ನೊಂದಿದೆ. ಪೊಟೆನ್ಶಿಯೋಮೀಟರಿಗೆ ಮೂರು ಕಾಲು, ಆದರೆ ವೈರ್ ಇದ್ದದ್ದು ಎರಡಕ್ಕೆ ಮಾತ್ರ. ಗೇಮ್‌ಪೋರ್ಟ್‌ಗೆ ಬೇಕಾಗಿದ್ದದ್ದು ಬರೀ ಪ್ರತಿರೋಧ, ಮೂರನೇ ಕಾಲಿಗೆ ಅಲ್ಲಿ ಕೆಲಸವಿರಲಿಲ್ಲ. ಆರ್ಡುಯಿನೋ ಅಳೆಯುವುದು ವೋಲ್ಟೇಜ್. ಹೊರಗಿನಿಂದಲೇ 100 ಕಿಲೋಓಮ್ ರೆಸಿಸ್ಟರನ್ನು ಗ್ರೌಂಡಿಗೆ ಕಟ್ಟಿ ಮೊದಲು ನೋಡಿದೆ. ಓಡಿತು, ಆದರೆ ಒಂದು ಕಡೆ ಹಿಡಿ ಚೂರು ಸರಿಸಿದರೆ ಅಂಕಿ ಜಾಸ್ತಿ ಓಡುತ್ತಿತ್ತು, ಇನ್ನೊಂದು ಕಡೆ ಕಡಿಮೆ. ವಿಮಾನ ಇಳಿಸುವಾಗ ಇದು ಕೈಗೆ ಗೊತ್ತಾಗುತ್ತದೆ. ಆ ರೆಸಿಸ್ಟರ್ ತೆಗೆದು, ಖಾಲಿ ಇದ್ದ ಮೂರನೇ ಕಾಲಿಗೆ ಸಣ್ಣ ವೈರ್ ಬೆಸೆದು ಗ್ರೌಂಡಿಗೆ ಸೇರಿಸಿದೆ. ಗ್ರೌಂಡ್ ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ, ಟ್ರಿಗರ್ ಸ್ವಿಚ್ಚಿನ ಒಂದು ಕಾಲೇ ಗ್ರೌಂಡ್. ಆಮೇಲೆ ಹಿಡಿ ಎಷ್ಟು ಸರಿಯುತ್ತದೋ ಅಂಕಿಯೂ ಅಷ್ಟೇ ಸರಿಯಿತು. ಆರ್ಡುಯಿನೋದ 0ಯಿಂದ 1023ರ ಅಳತೆಯಲ್ಲಿ ನನಗೆ ಸಿಕ್ಕಿದ್ದು ಸುಮಾರು 205ರಿಂದ 818. ಹಿಡಿ ತುದಿ ಮುಟ್ಟಿದರೂ ಪೊಟೆನ್ಶಿಯೋಮೀಟರಿನ ಒಳಗಿನ ಟ್ರ್ಯಾಕ್ ಪೂರ್ತಿ ಮುಗಿಯುವುದಿಲ್ಲ, ಅದಕ್ಕೇ ಹೀಗೆ. ಪ್ರೋಗ್ರಾಮಿನಲ್ಲಿ ಈ ಎರಡು ಅಂಕಿಗಳನ್ನೇ ತುದಿ ಅಂತ ಕೊಟ್ಟೆ. ಪ್ರತಿ ಸಲ ಎಂಟು ಬಾರಿ ಓದಿ ಸರಾಸರಿ ತೆಗೆದೆ, ನಡುಕ ಹೋಯಿತು.

ಹ್ಯಾಟಿನ ಗುಟ್ಟು 13ನೇ ಪಿನ್ನಿನಲ್ಲಿತ್ತು. ಗೇಮ್‌ಪೋರ್ಟ್‌ನಲ್ಲಿ ಇದ್ದದ್ದು ನಾಲ್ಕೇ ಗುಂಡಿಗೆ ಜಾಗ. ಅದಕ್ಕೇ ತಯಾರಿಸಿದವರು ಹ್ಯಾಟಿನ ಒಂದೊಂದು ದಿಕ್ಕಿಗೂ ಬೇರೆ ಬೇರೆ ರೆಸಿಸ್ಟರ್ ಇಟ್ಟು, ಉಳಿದಿದ್ದ ಒಂದು ಅಕ್ಷದ ಮೇಲೆ ಕಳಿಸಿದ್ದರು. ಎಷ್ಟು ಚಂದದ ಉಪಾಯ ಅಲ್ವಾ? ಇಲ್ಲಿ ಮಾತ್ರ ಆ 100 ಕಿಲೋಓಮ್ ರೆಸಿಸ್ಟರ್ ಉಪಯೋಗಕ್ಕೆ ಬಂತು. ಮೇಲೆ ಒತ್ತಿದರೆ ಅಂಕಿ 1020ರ ಹತ್ತಿರ, ಬಲಕ್ಕೆ 850, ಕೆಳಕ್ಕೆ 730, ಎಡಕ್ಕೆ 640, ಒತ್ತದಿದ್ದಾಗ 570. ನಡುನಡುವೆ ಗೆರೆ ಎಳೆದು ದಿಕ್ಕು ಹಂಚಿದೆ. ಬೇರೆ ಕೆಲವು ಜಾಯ್‌ಸ್ಟಿಕ್‌ಗಳಲ್ಲಿ ಹ್ಯಾಟ್ ಒತ್ತಿದರೆ ಹಲವು ಗುಂಡಿಗಳು ಒಟ್ಟಿಗೆ ಒತ್ತಿದ ಹಾಗೆ ಬರುತ್ತದೆ. ಅದನ್ನು ಬಿಡಿಸೋಕೆ ಪ್ರೋಗ್ರಾಮ್ ಬೇರೆ ಥರ ಬರೆಯಬೇಕು.

ಗುಂಡಿಗಳಿಗೆ ಹೆಚ್ಚು ಕೆಲಸವಿಲ್ಲ. ಚಿಪ್ಪಿನ ಒಳಗಿನ ಪುಲ್‌ಅಪ್ (ಗುಂಡಿ ಒತ್ತದಿದ್ದಾಗ ಪಿನ್ನನ್ನು 5 ವೋಲ್ಟಿನಲ್ಲಿ ಹಿಡಿದಿಡುವ ರೆಸಿಸ್ಟರ್) ಆನ್ ಮಾಡಿದರೆ ಮುಗಿಯಿತು.

ವಿಂಡೋಸಿನಲ್ಲಿ ರನ್ ತೆರೆದು 'ಜಾಯ್ ಡಾಟ್ ಸಿಪಿಎಲ್' ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಪರೀಕ್ಷೆ ಮಾಡುವ ಕಿಟಕಿ ಬರುತ್ತದೆ. ಬೇರೆ ಡ್ರೈವರ್ ಬೇಕಾಗಲಿಲ್ಲ. ಹಿಡಿ ಬಿಟ್ಟೆ, ಆ ಪುಟ್ಟ ಕೂಡು ಗುರುತು ಚೌಕದ ನಟ್ಟನಡುವೆ ಬಂದು ನಿಂತಿತು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂತೆ. ಲಿನಕ್ಸಿನಲ್ಲಿ ಜೆಎಸ್‌ಟೆಸ್ಟ್ ಅನ್ನುವ ಪರೀಕ್ಷೆಯ ಪ್ರೋಗ್ರಾಮ್ ಓಡಿಸಿ ನೋಡಿದೆ, ಅಲ್ಲೂ ಎಲ್ಲ ಸರಿಯಾಗಿತ್ತು.

ಹಳೆಯ ಪ್ಲಗ್ಗನ್ನು ಕತ್ತರಿಸಲಿಲ್ಲ. 15 ತೂತಿನ ಸಾಕೆಟ್ ತಂದು ಬೋರ್ಡನ್ನು ಅದರ ಹಿಂದೆ ಕೂರಿಸಿದೆ. ಮೂರನೇ ಕಾಲಿನ ವೈರುಗಳಿಗೂ ನಡುವೆ ಒಂದೊಂದು ಜಂಪರ್ (ಬೇಕಾದಾಗ ಕಿತ್ತು ಹಾಕಬಹುದಾದ ಪುಟ್ಟ ಕೊಂಡಿ) ಹಾಕಿದ್ದೇನೆ. ಎರಡಕ್ಕೂ ಸೇರಿಸಿ ಒಂದೇ ಜಂಪರ್ ಹಾಕಬೇಡಿ. ಅದನ್ನು ಕಿತ್ತಾಗ ಎರಡು ಪೊಟೆನ್ಶಿಯೋಮೀಟರುಗಳೂ ಒಂದಕ್ಕೊಂದು ಕೂಡಿಕೊಂಡೇ ಇರುತ್ತವೆ, ಎಡಕ್ಕೆ ಎಳೆದರೆ ಹಿಂದೆ–ಮುಂದೆಯ ಅಂಕಿಯೂ ಬದಲಾಗುತ್ತದೆ. ಬೇರೆ ಬೇರೆ ಇದ್ದರೆ ಎರಡನ್ನೂ ಕಿತ್ತು, ಗೇಮ್‌ಪೋರ್ಟ್ ಇರುವ ಹಳೆಯ ಯಂತ್ರಕ್ಕೆ ಇದನ್ನು ಮೊದಲಿನ ಹಾಗೇ ಚುಚ್ಚಬಹುದು.